ಬ್ರೇಕಿಗೆ ಬೀಸಣಿಗೆ

ತೆಂಗಿನೆಣ್ಣೆ ಸುರಿಯಲು ಇಟ್ಟುಕೊಂಡಿದ್ದ ನನ್ನ ಎರಡು ಲಾಳಿಕೆಗಳು ಒಂದು ದಿನ ಅಡುಗೆಮನೆಯಿಂದ ಮಾಯವಾದವು. ಹುಡುಕಿದರೆ, ಅಂಗಳದಲ್ಲಿದ್ದ ನಮ್ಮ ಹಳೆಯ ಕಾರಿನ ಮುಂದಿನ ಬಂಪರಿನಲ್ಲಿ ಬಾಯಿ ತೆರೆದು ಕುಳಿತಿದ್ದವು! ಇಂಜಿನಿಯರಿಂಗ್ ಓದುವ ಅಕ್ಕನ ಮಗ ರಜೆಗೆಂದು ಹೂಡೆಗೆ ಬಂದಿದ್ದ. ಲಾಳಿಕೆಯ ಹಿಂದೆ ವಾಷಿಂಗ್ ಮೆಷಿನ್ನಿನ ಪೈಪು ಸಿಕ್ಕಿಸಿ, ಅದನ್ನು ಚಕ್ರದ ಒಳಬದಿಗೆ ಒಯ್ದು ಕಟ್ಟಿದ್ದ. “ಚಿಕ್ಕಮ್ಮ, ಇದು ಬ್ರೇಕಿಗೆ ಗಾಳಿ ಹೋಗುವ ದಾರಿ. ರೇಸ್ ಕಾರುಗಳಲ್ಲಿ ಹೀಗೇ ಇರುತ್ತದೆ” ಎಂದ.

ನಮ್ಮ ಯಜಮಾನರು ನಕ್ಕರು. ಪಕ್ಕದ ಮನೆಯವರು ಬಂದು ನೋಡಿ ನಕ್ಕರು. ನನಗೆ ಸಿಟ್ಟು ಬಂದದ್ದು ಆ ನಗುವಿನ ಮೇಲೆ. ಪ್ರಶ್ನೋತ್ತರ ಬಾಯಿಪಾಠ ಮಾಡಿದ ಹುಡುಗನ ಬೆನ್ನು ತಟ್ಟುತ್ತೇವೆ, ಕೈಯಾರೆ ಏನಾದರೂ ಮಾಡಿದವನನ್ನು ನೋಡಿ ನಗುತ್ತೇವೆ. ಮೇಷ್ಟರುಗಳಾದ ನಾವೂ ಇದಕ್ಕೆ ಹೊರತಲ್ಲ. ಅವನು ಮಾಡಿದ್ದರಲ್ಲಿ ತಪ್ಪು ಇತ್ತು, ನಿಜ. ಆದರೆ ನಕ್ಕವರಲ್ಲಿ ಒಬ್ಬರಾದರೂ ಬಗ್ಗಿ ನೋಡಿದರೇ? ನಾನು ಬಿ.ಎ., ಬಿ.ಎಡ್. ಓದಿದವಳು, ಸಮಾಜ ಪಾಠದವಳು. ಆದರೂ ಸೊಂಟ ಹಿಡಿದುಕೊಂಡು ಬಗ್ಗಿದೆ. “ಸ್ಟೇರಿಂಗ್ ಪೂರ್ತಿ ತಿರುಗಿಸು ಮಾರಾಯ” ಎಂದೆ. ತಿರುಗಿಸಿದ, ಟೈರು ಪೈಪನ್ನು ಉಜ್ಜಿತು. ಡಿಸ್ಕು ಕಾದರೆ ಈ ಪ್ಲಾಸ್ಟಿಕ್ಕು ಉಳಿಯುತ್ತದೆಯೇ ಎಂದು ಕೇಳಿದೆ. ಒಲೆಯ ಬದಿಯಲ್ಲಿ ಪ್ಲಾಸ್ಟಿಕ್ ಸೌಟು ಕರಗಿಸಿಕೊಂಡ ಯಾವ ಹೆಂಗಸಾದರೂ ಕೇಳುವ ಪ್ರಶ್ನೆ. ಹುಡುಗ ಮರುದಿನವೇ ಉಡುಪಿಗೆ ಹೋಗಿ, ಕಾವು ತಡೆಯುವ, ತಂತಿ ಸುತ್ತಿದ ಪೈಪು ತಂದ. ಚಕ್ರಕ್ಕೆ ತಾಗದ ಹಾಗೆ, ಬ್ರೇಕ್ ಆಯಿಲ್ ಹೋಗುವ ರಬ್ಬರ್ ನಳಿಗೆಗೆ ಒತ್ತದ ಹಾಗೆ, ತಗಡಿನ ಪಟ್ಟಿಯಿಂದ ಬಿಗಿದ. ನನ್ನ ಲಾಳಿಕೆ ಮಾತ್ರ ವಾಪಸು ಬರಲಿಲ್ಲ.

ಆಮೇಲೆ ನಕ್ಕವರಿಗೇ ಧೈರ್ಯ ಬಂತು ನೋಡಿ! ತೀರ್ಥಹಳ್ಳಿಯ ಮದುವೆ ಮುಗಿಸಿ ಆಗುಂಬೆ ಘಾಟಿ ಇಳಿಯುವಾಗ ಇವರು, “ಈಗ ನಮ್ಮ ಬ್ರೇಕಿಗೆ ಏರ್ ಕಂಡೀಷನ್ ಉಂಟಲ್ಲ” ಎನ್ನುತ್ತಾ, ಪೆಟ್ರೋಲ್ ಉಳಿಸಲು ಗೇರನ್ನು ನ್ಯೂಟ್ರಲ್ಲಿಗೆ ಹಾಕಿ, ಕಾಲನ್ನು ಬ್ರೇಕಿನ ಮೇಲಿಟ್ಟೇ ಇಳಿದರು. 14 ತಿರುವುಗಳ ಘಾಟಿ ಅದು. ಅರ್ಧ ದಾರಿಯಲ್ಲಿ ಸುಟ್ಟ ವಾಸನೆ. ಎರಡು ತಿರುವು ಕಳೆಯುವಷ್ಟರಲ್ಲಿ ಪೆಡಲು ಹತ್ತಿಯ ದಿಂಬಿನಂತೆ ಒಳಗೆ ಹೋಯಿತು. ಹುಡುಗ ಹಿಂದಿನಿಂದ “ಸೆಕೆಂಡ್ ಗೇರ್, ಸೆಕೆಂಡ್ ಗೇರ್!” ಎಂದು ಕೂಗಿದ. ಗೇರು ಬಿತ್ತು, ಹ್ಯಾಂಡ್ ಬ್ರೇಕೂ ಸೇರಿ ಕಾರು ಗುಡ್ಡದ ಬದಿಗೆ ನಿಂತಿತು. ಇನ್ನೊಂದು ಬದಿಯಲ್ಲಿ ಏನಿತ್ತು ಎಂದು ಆ ಘಾಟಿ ಕಂಡವರಿಗೆ ಹೇಳಬೇಕಾಗಿಲ್ಲ. ಇವರು ಇಳಿದು ಬಾಟಲಿಯ ನೀರನ್ನು ಚಕ್ರಕ್ಕೆ ಸುರಿಯಲು ಹೊರಟರು. ಕೈ ಹಿಡಿದೆ. ಕಾದ ಬೀಡಿನ ಕಾವಲಿಗೆ ತಣ್ಣೀರು ಹೊಯ್ದರೆ ಏನಾಗುತ್ತದೆಂದು ನಮಗೆ ಗೊತ್ತಿಲ್ಲವೇ? ಅರ್ಧ ಗಂಟೆ ಸುಮ್ಮನೆ ಕೂತೆವು.

ಹಾಗಾದರೆ ಹುಡುಗನ ಕೊಳವೆ ಸುಳ್ಳೇ? ಸುಳ್ಳಲ್ಲ, ಜಾಗ ತಪ್ಪು. ಕೊಳವೆಯೊಳಗೆ ಗಾಳಿ ನುಗ್ಗಬೇಕಾದರೆ ಕಾರು ವೇಗವಾಗಿ ಓಡಬೇಕು. ರೇಸಿನವರು ನೂರೈವತ್ತರಲ್ಲಿ ಓಡುತ್ತಾರೆ; ಆಗುಂಬೆಯ ತಿರುವಿನಲ್ಲಿ ನಾವು ಇಪ್ಪತ್ತರಲ್ಲಿ ತೆವಳುತ್ತೇವೆ. ಅಲ್ಲದೆ ಅವರ ಡಿಸ್ಕು ಎರಡು ತಟ್ಟೆಗಳ ನಡುವೆ ಸಂದು ಬಿಟ್ಟಂಥದ್ದು. ನಡುವಿಗೆ ಬಂದ ಗಾಳಿ ಆ ಸಂದಿನಿಂದ ಹೊರಗೆ ಹಾಯುತ್ತದೆ. ನಮ್ಮ ಹಳೆಯ ಕಾರಿನದು ದೋಸೆ ಕಾವಲಿಯಂತೆ ಒಂದೇ ಗಟ್ಟಿ ಬಿಲ್ಲೆ. ಸಾವಿರ ಕಿಲೋ ತೂಕದ ಕಾರು 500 ಮೀಟರ್ ಇಳಿಯುವಾಗ ಹುಟ್ಟುವ ಶಕ್ತಿಯನ್ನೆಲ್ಲ ಬ್ರೇಕೇ ನುಂಗಿದರೆ, ಆ ಶಾಖದಲ್ಲಿ ಸುಮಾರು 15 ಲೀಟರ್ ತಣ್ಣೀರು ಕುದಿ ಹತ್ತುತ್ತದಂತೆ. ಹುಡುಗನೇ ಲೆಕ್ಕ ಮಾಡಿ ತೋರಿಸಿದ. ಒಂದು ಹಂಡೆ ನೀರಿನಷ್ಟು ಕಾವನ್ನು ನಾಲ್ಕು ಚಕ್ರದೊಳಗೆ ತುಂಬಿಸಿ, ಲಾಳಿಕೆ ತಣಿಸಲಿ ಎಂದರೆ? ಗೇರಿನಲ್ಲಿ ಇಳಿದರೆ ಇದರ ದೊಡ್ಡ ಪಾಲನ್ನು ಇಂಜಿನ್ ಹೊತ್ತುಕೊಳ್ಳುತ್ತದೆ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

ಇನ್ನೊಂದು ಸಂಗತಿ ಆ ಬ್ರೇಕ್ ಆಯಿಲ್. ಅದು ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 3 ಎಂಬ ಜಾತಿಯದು ಹೊಸದಿದ್ದಾಗ 205 ಡಿಗ್ರಿಯವರೆಗೆ ಕುದಿಯಬಾರದು. ನೀರು ಹೀರಿದ ಮೇಲೆ ಆ ಅಂಕೆ 140ಕ್ಕೆ ಇಳಿಯುತ್ತದೆ. ಕುದಿದರೆ ಒಳಗೆ ಗುಳ್ಳೆ, ಗುಳ್ಳೆಯಾದರೆ ಪೆಡಲು ಮೆತ್ತಗೆ. ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ನಮ್ಮ ಹೂಡೆಯಲ್ಲೋ, ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ, ಮಳೆಗಾಲದಲ್ಲಿ ಉಪ್ಪಿನ ಭರಣಿಯೇ ನೀರೊಡೆಯುವ ಊರು. ಹಿಂದೊಮ್ಮೆ ಗ್ಯಾರೇಜಿನಲ್ಲಿ ನಾನು ಇದನ್ನು ವಿಚಾರಿಸಿದ್ದೆ. “ಅದೆಲ್ಲ ಸಾರಿಗೆ ಗೊತ್ತುಂಟು ಟೀಚರ್” ಎಂಬ ಉತ್ತರ ಸಿಕ್ಕಿತ್ತು. ಸಾರಿಗೆ ಗೊತ್ತಿರಲಿಲ್ಲ. ಆರು ವರ್ಷದ ಹಳೆಯ ಆಯಿಲ್ ಚಹಾದ ಬಣ್ಣಕ್ಕೆ ತಿರುಗಿತ್ತು.

ನನ್ನ ಜಗಳ ಇವರೊಬ್ಬರ ಮೇಲಲ್ಲ, ನಮ್ಮ ಮೇಲೂ ಇದೆ. ವಾಸನೆ ಮೊದಲು ಬಂದದ್ದು ನನ್ನ ಮೂಗಿಗೆ. ಸೀದ ವಾಸನೆಯನ್ನು ಮೂರು ಕೋಣೆಯಾಚೆಯಿಂದ ಹಿಡಿಯುವವಳು, ಕಾರಿನೊಳಗೆ ಮಾತ್ರ ಮೇಲಿನ ಹಿಡಿ ಹಿಡಿದು ದೇವರ ನಾಮ ಹೇಳುತ್ತಾ ಕುಳಿತೆ. ಏಕೆ? ಸಾರಥಿಗೆ ಸಿಟ್ಟು ಬಂದೀತು ಎಂದು. ನಿಮ್ಮಲ್ಲಿ ಎಷ್ಟು ಜನ ಹೀಗೆ ಕುಳಿತಿಲ್ಲ, ಹೇಳಿ.

ಆಯಿಲ್ ಬದಲಾಯಿತು, ನಾನೇ ನಿಂತು ಮಾಡಿಸಿದೆ. ಐವತ್ಮೂರರಲ್ಲಿ ಲೈಸೆನ್ಸನ್ನೂ ತೆಗೆದುಕೊಂಡೆ. ಕಳೆದ ತಿಂಗಳು ಶೃಂಗೇರಿಯಿಂದ ಬರುವಾಗ ಆಗುಂಬೆಯನ್ನು ಸೆಕೆಂಡ್ ಗೇರಿನಲ್ಲಿ ಇಳಿಸಿದವಳು ನಾನು. ಇಂಜಿನ್ ಗುರ್ ಎನ್ನುತ್ತಿತ್ತು, ಹಿಂದಿನ ಜೀಪಿನವನು ಹಾರ್ನು ಬಡಿಯುತ್ತಿದ್ದ. ಪಕ್ಕದಲ್ಲಿ ಕುಳಿತ ಇವರು ಮಾತಾಡದೆ, ಸೋಮೇಶ್ವರ ಬರುವ ತನಕ ಬಲಗಾಲಿನಿಂದ ಕೆಳಗಿನ ಮ್ಯಾಟನ್ನು ಒತ್ತುತ್ತಲೇ ಇದ್ದರು.