ಸಿದ್ಧ ಮಾದರಿ ವಿಮಾನಗಳು: ಪೆಟ್ಟಿಗೆ ತೆರೆದು ನೋಡುವ ಹೊಣೆ ಯಾರದು?

ರೇಡಿಯೊ ನಿಯಂತ್ರಿತ ಮಾದರಿ ವಿಮಾನಗಳ ವ್ಯಾಪಾರವೆಂದರೆ ಒಂದು ಕಾಲದಲ್ಲಿ ಬಾಲ್ಸಾ ಮರದ ಹಲಗೆ, ಅಂಟು ಹಾಗೂ ನಕ್ಷೆಗಳ ವ್ಯಾಪಾರವಾಗಿತ್ತು. ಕೊಂಡ ಗ್ರಾಹಕನೇ ತಿಂಗಳುಗಟ್ಟಲೆ ಕುಳಿತು ಕತ್ತರಿಸಿ, ಅಂಟಿಸಿ, ಹೊದಿಕೆ ಎಳೆದು ವಿಮಾನ ಕಟ್ಟುತ್ತಿದ್ದನು. ಕೀಲು ಕಳಚಿದರೆ ತಪ್ಪೂ ಅವನದೇ ಆಗಿರುತ್ತಿತ್ತು. ಇಂದು ಪರಿಸ್ಥಿತಿ ಬದಲಾಗಿದೆ. ರೆಕ್ಕೆಗಳನ್ನು ಕೊಳವೆಗೆ ಸೇರಿಸಿ, ಬಾಲವನ್ನು ಬಿಗಿದು, ಕೆಲವೇ ಗಂಟೆಗಳಲ್ಲಿ ಹಾರಿಸಬಹುದಾದ ಸಿದ್ಧ ಮಾದರಿಗಳು ಹೆಚ್ಚಾಗಿ ಚೀನಾದ ಕಾರ್ಖಾನೆಗಳಿಂದ ಬರುತ್ತಿವೆ. ಕಟ್ಟುವ ಶ್ರಮವು ಗ್ರಾಹಕನ ಮೇಜಿನಿಂದ ಕಾರ್ಖಾನೆಗೆ ಹೋದಂತೆ ಕೀಲುಗಳ ಹೊಣೆಯೂ ಅವನ ಕೈ ತಪ್ಪಿದೆ. ಆ ಹೊಣೆಯು ದೂರದ ಕಾರ್ಖಾನೆಯಲ್ಲಿಯೇ ಉಳಿಯದೆ, ಮಾರುವ ನಮ್ಮ ಹೆಗಲಿಗೇ ಬಂದಿದೆ ಎಂಬುದನ್ನು ವರ್ತಕ ಬಾಂಧವರ ಗಮನಕ್ಕೆ ತರುವುದು ಈ ಲೇಖನದ ಉದ್ದೇಶ.

ಇದನ್ನು ನಾನು ಕಲಿತದ್ದು ನಷ್ಟದಿಂದ. ಕೆಲವು ವರ್ಷಗಳ ಹಿಂದೆ ಅಗ್ಗದ ದರಕ್ಕೆ ಆರು ಸಿದ್ಧ ಮಾದರಿಗಳನ್ನು ತರಿಸಿದ್ದೆನು. ಮಾರಾಟವಾದ ಮೊದಲನೆಯದು ಮೊದಲ ಹಾರಾಟದಲ್ಲಿಯೇ ಮೋಟಾರು ಸಹಿತ ಮುಂಭಾಗದ ಹಲಗೆ ಕಿತ್ತುಕೊಂಡು ಮೈದಾನದ ಅಂಚಿನಲ್ಲಿ ಬಿದ್ದಿತು. ಅದೃಷ್ಟವಶಾತ್ ಯಾರಿಗೂ ಪೆಟ್ಟಾಗಲಿಲ್ಲ. ಅವಶೇಷವನ್ನು ಪರೀಕ್ಷಿಸಿದಾಗ ಮರ ಎಲ್ಲಿಯೂ ಮುರಿದಿರಲಿಲ್ಲ. ಹಲಗೆಯ ಸುತ್ತಲೂ ಹರಿಯಬೇಕಿದ್ದ ಅಂಟು ನಾಲ್ಕು ಚುಕ್ಕೆಗಳಾಗಿ ಮಾತ್ರ ಇತ್ತು. ಉಳಿದ ಐದು ಪೆಟ್ಟಿಗೆಗಳನ್ನು ತೆರೆದರೆ ಮೂರರಲ್ಲಿ ಅದೇ ದೋಷ. ಅದನ್ನು ಸರಿಪಡಿಸಲು ಬೇಕಾದದ್ದು ಒಂದಿಷ್ಟು ಎಪಾಕ್ಸಿ ಮತ್ತು ಹತ್ತು ನಿಮಿಷದ ಕೆಲಸ. ಮಾರುವ ಮುನ್ನ ಆ ಹತ್ತು ನಿಮಿಷ ಕೊಡದಿದ್ದುದಕ್ಕೆ ನಾನು ತೆತ್ತದ್ದು ಒಂದು ವಿಮಾನದ ಬೆಲೆ ಹಾಗೂ ಒಬ್ಬ ಹಳೆಯ ಗ್ರಾಹಕನ ವಿಶ್ವಾಸ.

ಸಿದ್ಧ ಮಾದರಿಯ ಗುಣಮಟ್ಟವು ಕಣ್ಣಿಗೆ ಕಾಣದ ಕಡೆ ಇರುತ್ತದೆ. ಹೊದಿಕೆಯ ಸುಕ್ಕು ಕಂಡ ಗ್ರಾಹಕ ಮುಖ ಸಿಂಡರಿಸುತ್ತಾನೆ; ಆದರೆ ಒಳ್ಳೆಯ ಪಾಲಿಯೆಸ್ಟರ್ ಹೊದಿಕೆಯ ಸುಕ್ಕು ಹವಾಮಾನದ ಬದಲಾವಣೆಯಿಂದ ಆದದ್ದು, ಇಸ್ತ್ರಿಯ ಶಾಖ ತಾಗಿಸಿದರೆ ಮಾಯವಾಗುತ್ತದೆ. ಮೋಟಾರು ಹೊತ್ತ ಹಲಗೆ, ಗಾಲಿಯ ಕಂಬಿ ಕೂರುವ ದಿಮ್ಮಿ, ರೆಕ್ಕೆ ಸೇರುವ ಕೊಳವೆ, ಚಲಿಸುವ ಪಟ್ಟಿಗಳ ತಿರುಗಣೆ, ಈ ನಾಲ್ಕು ಕಡೆಗಳಲ್ಲಿ ಅಂಟು ಹಿಡಿದಿದೆಯೇ ಎಂಬುದು ಮುಖ್ಯ. ಹೆಬ್ಬೆರಳಿನಿಂದ ಒತ್ತಿ, ಮೆಲ್ಲನೆ ತಿರುಚಿ, ಪ್ರತಿ ತಿರುಗಣೆಯನ್ನೂ ಎಳೆದು ನೋಡಿದರೆ ತಿಳಿಯುತ್ತದೆ. ಇದಕ್ಕೆ ಯಂತ್ರ ಬೇಡ, ತಾಳ್ಮೆ ಸಾಕು.

ಎರಡನೆಯದು ತೂಕ. ಪೆಟ್ಟಿಗೆಯ ಮೇಲೆ ರೆಕ್ಕೆಯ ಅಗಲವನ್ನು ದೊಡ್ಡ ಅಕ್ಷರಗಳಲ್ಲಿ ಮುದ್ರಿಸುತ್ತಾರೆ. ತಕ್ಕಡಿಗೆ ಹಾಕಿ ನೋಡುವವರು ವಿರಳ. 45 ಚದರ ಡೆಸಿಮೀಟರ್ ರೆಕ್ಕೆಯುಳ್ಳ ಕಲಿಕೆಯ ವಿಮಾನವೊಂದು 2.4 ಕಿಲೋ ತೂಗಿದರೆ ಪ್ರತಿ ಚದರ ಡೆಸಿಮೀಟರಿಗೆ ಸುಮಾರು 53 ಗ್ರಾಂ ಭಾರ ಬೀಳುತ್ತದೆ. ಕಳಪೆ ಪ್ಲೈವುಡ್ ಹಾಗೂ ಮೂತಿಗೆ ತುಂಬಿದ ಸೀಸದಿಂದಾಗಿ ಅದೇ ವಿಮಾನ 2.9 ಕಿಲೋ ತೂಗಿದರೆ ಭಾರ 64 ಗ್ರಾಂ ಆಗುತ್ತದೆ. ಗಾಳಿಯಲ್ಲಿ ನಿಲ್ಲಲು ಬೇಕಾದ ಕನಿಷ್ಠ ವೇಗವು ಭಾರದ ವರ್ಗಮೂಲಕ್ಕೆ ಅನುಗುಣವಾಗಿ ಏರುವುದರಿಂದ, ಇಳಿಯುವ ವೇಗ ಸುಮಾರು ಶೇ. 10 ಹೆಚ್ಚುತ್ತದೆ, ನೆಲಕ್ಕೆ ಅಪ್ಪಳಿಸುವ ಶಕ್ತಿಯಾದರೋ ಹೆಚ್ಚುಕಡಿಮೆ ಒಂದೂವರೆ ಪಟ್ಟಾಗುತ್ತದೆ. ಅರ್ಧ ಕಿಲೋ ಹೆಚ್ಚುವರಿ ತೂಕದ ನಿಜವಾದ ಬೆಲೆ ಇದು. ಕಲಿಯುವವನ ಕೈಯಲ್ಲಿ ಇಂತಹ ವಿಮಾನ ಎಷ್ಟು ದಿನ ಉಳಿದೀತು?

ಮೂರನೆಯದು ಬ್ಯಾಟರಿ. ಲಿಥಿಯಂ ಪಾಲಿಮರ್ ಬ್ಯಾಟರಿಗಳ ಮೇಲಿನ 'ಸಿ' ಅಂಕಿಯನ್ನು ಸಾಮರ್ಥ್ಯದಿಂದ ಗುಣಿಸಿದರೆ ಎಷ್ಟು ವಿದ್ಯುತ್ ಎಳೆಯಬಹುದೆಂಬ ಲೆಕ್ಕ ಸಿಗುತ್ತದೆ. 2200 ಮಿಲಿ ಆಂಪಿಯರ್ ಗಂಟೆಯ 25 ಸಿ ಬ್ಯಾಟರಿಯೆಂದರೆ 55 ಆಂಪಿಯರ್. ಅಷ್ಟೇ ಗಾತ್ರ, ಅಷ್ಟೇ ತೂಕದ ಇನ್ನೊಂದು ಬ್ಯಾಟರಿ ಅರ್ಧ ಬೆಲೆಗೆ 60 ಸಿ ಎಂದು ಹೇಳಿಕೊಂಡರೆ ಅಂಕಿಯನ್ನಲ್ಲ, ಆಂತರಿಕ ರೋಧವನ್ನು ಅಳೆದು ನಂಬಬೇಕು. ಒಳ್ಳೆಯ ಚಾರ್ಜರುಗಳಲ್ಲಿಯೇ ಆ ಸೌಲಭ್ಯವಿದೆ. ಅಂಗಡಿಯವರ ತಪ್ಪೂ ಇಲ್ಲಿ ಉಂಟು. ಪ್ರತಿ ಕೋಶವನ್ನು 4.2 ವೋಲ್ಟಿಗೆ ಪೂರ್ಣವಾಗಿ ತುಂಬಿಸಿ ತಿಂಗಳುಗಟ್ಟಲೆ ಕಪಾಟಿನಲ್ಲಿಟ್ಟರೆ ಉತ್ತಮ ಬ್ಯಾಟರಿಯೂ ಕೆಡುತ್ತದೆ, ಸುಮಾರು 3.8 ವೋಲ್ಟಿನಲ್ಲಿ ಇಡುವುದು ಕ್ರಮ.

ನಾಲ್ಕನೆಯದಾಗಿ ಬಿಡಿಭಾಗ. ಮಾದರಿ ವಿಮಾನ ಬೀಳುವುದು ಅಪರೂಪದ ಘಟನೆಯಲ್ಲ. ಒಂದು ರೆಕ್ಕೆ ಮುರಿದಾಗ ಅದೊಂದೇ ಸಿಗದಿದ್ದರೆ ಇಡೀ ವಿಮಾನ ಗುಜರಿಯಾಗುತ್ತದೆ. ದೊಡ್ಡ ಹೆಸರೊಂದೇ ಇದಕ್ಕೆ ಭರವಸೆಯಲ್ಲ. ಅಮೆರಿಕದ ಹವ್ಯಾಸ ಮಾರುಕಟ್ಟೆಯ ಪ್ರಮುಖ ಸಂಸ್ಥೆಯಾಗಿದ್ದ ಹಾಬಿಕೊ 2018ರ ಜನವರಿಯಲ್ಲಿ ದಿವಾಳಿ ರಕ್ಷಣೆ ಕೋರಿತು; ಅದರ ಬ್ರ್ಯಾಂಡುಗಳು ಅದೇ ವರ್ಷ ಬೇರೆ ಕಂಪನಿಗಳ ಪಾಲಾದವು. ಆದ್ದರಿಂದ ಹೊಸ ಮಾದರಿಯ ಹತ್ತು ವಿಮಾನ ತರಿಸುವವರು ಅದರೊಡನೆ ಎರಡು ಜೊತೆ ರೆಕ್ಕೆ, ಬಾಲ ಹಾಗೂ ಗಾಲಿ ಕಂಬಿಗಳನ್ನೂ ತರಿಸಿಡುವುದು ಲೇಸು.

"ಮುಚ್ಚಿ ಬಂದ ಪೆಟ್ಟಿಗೆಯನ್ನು ಮುಚ್ಚಿಯೇ ಮಾರುತ್ತೇವೆ, ಒಳಗಿನದಕ್ಕೆ ನಾವು ಹೊಣೆಯಲ್ಲ" ಎಂದು ಕೆಲವು ವರ್ತಕ ಮಿತ್ರರು ವಾದಿಸುತ್ತಾರೆ. ಅವರ ಕಷ್ಟವನ್ನು ನಾನು ಬಲ್ಲೆ. ಲಾಭಾಂಶ ಕಡಿಮೆ, ತೆರೆದ ಪೆಟ್ಟಿಗೆಯನ್ನು ಹಳೆಯ ಮಾಲೆಂದು ಗ್ರಾಹಕ ಶಂಕಿಸುತ್ತಾನೆ. ಆದರೆ 2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದ 86ನೆಯ ಪ್ರಕರಣವು ಮಾರಾಟಗಾರನಿಗೂ ಉತ್ಪನ್ನ ಹೊಣೆಗಾರಿಕೆಯನ್ನು ಹೊರಿಸಿದೆ. ತಯಾರಕನು ಯಾರೆಂದು ತಿಳಿಯದಿದ್ದರೆ ಅಥವಾ ಅವನು ಭಾರತದ ಕಾನೂನಿನ ವ್ಯಾಪ್ತಿಗೆ ಒಳಪಡದಿದ್ದರೆ ಮಾರಿದವನ ಮೇಲೆ ದಾವೆ ಹೂಡಲು ಅವಕಾಶವಿದೆ. ಪರಿಶೀಲನೆಯಲ್ಲಿ ಯುಕ್ತ ಎಚ್ಚರ ವಹಿಸದಿರುವುದೂ ಹೊಣೆಗೆ ಕಾರಣವಾಗುತ್ತದೆ. ಹೆಸರಿಲ್ಲದ ಪೆಟ್ಟಿಗೆಯನ್ನು ಅಗ್ಗಕ್ಕೆ ತರಿಸುವವರು ಈ ಮಾತನ್ನು ಎರಡು ಬಾರಿ ಓದಿಕೊಳ್ಳಬೇಕು.

ಆಮದಿನ ತೊಡಕು ಇನ್ನೊಂದಿದೆ. 2022ರ ಫೆಬ್ರವರಿ 9ರಂದು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯವು ಕೆಲವು ವಿನಾಯಿತಿಗಳನ್ನು ಬಿಟ್ಟು ಸಿದ್ಧ ಡ್ರೋನುಗಳ ಹಾಗೂ ಅವುಗಳ ಜೋಡಣಾ ಕಿಟ್ಟುಗಳ ಆಮದನ್ನು ನಿಷೇಧಿಸಿ, ಬಿಡಿಭಾಗಗಳ ಆಮದಿಗೆ ಅವಕಾಶ ಉಳಿಸಿತು. ಕೇವಲ ಮನರಂಜನೆಗಾಗಿ ರೂಪಿಸಿದ ಹಾರುವ ಆಟಿಕೆಗಳು ಸುಂಕದ ಪಟ್ಟಿಯಲ್ಲಿ ಮಾನವರಹಿತ ವಿಮಾನಗಳ 8806ರಡಿ ಬಾರದೆ 9503ರಡಿ ಬರುತ್ತವೆ. ನಮ್ಮ ಮಾಲು ಯಾವ ಗೆರೆಯ ಯಾವ ಬದಿಗಿದೆ ಎಂಬುದನ್ನು ಹಣ ಕಟ್ಟುವ ಮುನ್ನ ಕಸ್ಟಮ್ಸ್ ದಲ್ಲಾಳಿಯಿಂದ ಬರವಣಿಗೆಯಲ್ಲಿ ಪಡೆಯುವುದು ಕ್ಷೇಮ. ಬಂದರಿನಲ್ಲಿ ತಿಂಗಳುಗಟ್ಟಲೆ ಕುಳಿತ ಮಾಲಿನ ಬಡ್ಡಿಯೂ ವಿಮಾನದ ಬೆಲೆಗೆ ಸೇರುತ್ತದೆಯಲ್ಲವೇ?

ಈ ತೊಡಕಿನಲ್ಲಿಯೇ ನಮ್ಮ ಸಣ್ಣ ಕೈಗಾರಿಕೆಗಳಿಗೆ ಒಂದು ಬಾಗಿಲು ತೆರೆದಿದೆ. ಲೇಸರ್ ಕತ್ತರಿಸುವ ಯಂತ್ರವಿರುವ ಯಾವುದೇ ಘಟಕವು ಬದಲಿ ಹಲಗೆ, ಪಕ್ಕೆ ಹಾಗೂ ಬಾಲದ ಭಾಗಗಳನ್ನು ಮಾಡಬಲ್ಲದು. ಅಲ್ಯೂಮಿನಿಯಂ ಬಾಗಿಸುವವರು ಗಾಲಿ ಕಂಬಿ ಮಾಡಬಲ್ಲರು. ವಿಮಾನ ತಯಾರಿಕೆಯೂ ಇಂಜಿನಿಯರಿಂಗ್ ಕಾಲೇಜುಗಳೂ ಬೇರೂರಿರುವ ಬೆಂಗಳೂರಿನಂತಹ ನಗರದಲ್ಲಿ ಇದಕ್ಕೆ ಗ್ರಾಹಕರ ಕೊರತೆಯಿಲ್ಲ. ಇಡೀ ವಿಮಾನದಲ್ಲಿ ಚೀನಾದೊಡನೆ ಬೆಲೆಯ ಪೈಪೋಟಿ ಕಷ್ಟವಾದರೂ, ಮುರಿದ ಮರುದಿನವೇ ಕೈಗೆ ಸಿಗುವ ರೆಕ್ಕೆಯಲ್ಲಿ ಅವರು ನಮಗೆ ಪೈಪೋಟಿ ನೀಡಲಾರರು.

ನನ್ನ ಸಲಹೆ ಇಷ್ಟೇ. ಪ್ರತಿ ಸಿದ್ಧ ಮಾದರಿಯನ್ನೂ ಮಾರುವ ಮುನ್ನ ತೆರೆದು ನೋಡಿರಿ. ಅಂಟು, ತೂಕ, ಸಮತೋಲ ಬಿಂದು, ಬ್ಯಾಟರಿ ಈ ನಾಲ್ಕನ್ನು ಪರೀಕ್ಷಿಸಿ, ದಿನಾಂಕ ಹಾಗೂ ಸಹಿಯೊಡನೆ ಒಂದು ಚೀಟಿಯನ್ನು ಬಿಲ್ಲಿಗೆ ಲಗತ್ತಿಸಿರಿ. ಆ ಶ್ರಮಕ್ಕೆ ಪ್ರತ್ಯೇಕ ದರ ವಿಧಿಸಲು ಸಂಕೋಚ ಬೇಡ. ನಾನು ಅಂದಿನಿಂದ ಹಾಗೆಯೇ ಮಾಡುತ್ತಿದ್ದೇನೆ; ತೆರೆದ ಪೆಟ್ಟಿಗೆಯೆಂದು ಹಿಂಜರಿದ ಗ್ರಾಹಕರು ಚೀಟಿ ಓದಿದ ಮೇಲೆ ಮುಚ್ಚಿದ ಪೆಟ್ಟಿಗೆಯನ್ನು ಕೇಳಿಲ್ಲ. ಬೆಲೆಯನ್ನು ಯಾರಾದರೂ ಇಳಿಸಬಲ್ಲರು. ಪರೀಕ್ಷಿಸಿ ಕೊಟ್ಟ ಮಾಲಿಗೆ ಬರುವ ಹೆಸರು ಮಾತ್ರ ಅಂಗಡಿಯಲ್ಲಿಯೇ ಉಳಿಯುತ್ತದೆ.