ಜುಬಿಲಿಗೆ ಬಲಿಯಾದ ಇಗರ್ಜಿಗಳು

ಕೆನರಾದ ಹಳ್ಳಿ ಇಗರ್ಜಿಗಳ ಸ್ಮರಣ ಸಂಚಿಕೆಗಳಲ್ಲಿ 1784ರ ಕಥೆ ತಪ್ಪುವುದು ಅಪರೂಪ. ಟಿಪ್ಪು ಸುಲ್ತಾನನ ಆಜ್ಞೆಯಂತೆ ಕರಾವಳಿಯ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದದ್ದು, 27 ಇಗರ್ಜಿಗಳು ನೆಲಸಮವಾದದ್ದು, 1799ರ ನಂತರ ಬದುಕುಳಿದವರು ಮರಳಿ ಬಂದು ಬರಿಗೈಯಲ್ಲಿ ಮತ್ತೆ ಕಟ್ಟಿದ್ದು. ಹೇಳಲೇಬೇಕಾದ ಕಥೆ ಅದು. ಆದರೆ ಅದೇ ಸಂಚಿಕೆಯ ಕೊನೆಯಲ್ಲಿ ಹೊಸ ಕಾಂಕ್ರೀಟ್ ಇಗರ್ಜಿಯ ಬಣ್ಣದ ಚಿತ್ರವಿರುತ್ತದೆ. ಮರಳಿ ಬಂದವರ ಮಕ್ಕಳು, ಮೊಮ್ಮಕ್ಕಳು ಕಟ್ಟಿದ ಹಳೆಯ ಇಗರ್ಜಿ ಏನಾಯಿತು ಎಂಬುದಕ್ಕೆ ಒಂದೇ ಸಾಲು: ಶಿಥಿಲವಾಗಿತ್ತು, ತೆರವುಗೊಳಿಸಲಾಯಿತು. 27ರ ಲೆಕ್ಕ ಎಲ್ಲರಿಗೂ ಬಾಯಿಪಾಠ. ಶತಮಾನೋತ್ಸವ ಆಚರಿಸಲೆಂದೇ ನೂರು ವರ್ಷದ ಕಟ್ಟಡವನ್ನು ಕೆಡವಿದ ಪ್ರಕರಣಗಳ ಲೆಕ್ಕ ಮಾತ್ರ ಯಾರ ಬಾಯಲ್ಲೂ ಇಲ್ಲ.

ಇದರ ಹೊಣೆ ಮಳೆಯದ್ದಲ್ಲ, ಗೆದ್ದಲಿನದ್ದೂ ಅಲ್ಲ. ಮೊದಲ ಹೊಣೆ ಧರ್ಮಪ್ರಾಂತ್ಯಗಳದ್ದು, ಎರಡನೆಯದು ಸರಕಾರದ್ದು.

ಹಳೆಯ ಹಳ್ಳಿ ಇಗರ್ಜಿಯಾಗಲಿ, ವಾಳೆಯವರು, ಅಂದರೆ ಇಗರ್ಜಿಯ ಒಂದು ವಾರ್ಡಿನವರು, ಸೇರಿ ಕಟ್ಟಿಕೊಂಡ ಪುಟ್ಟ ಕಪೆಲ್ ಆಗಲಿ, ಬಡತನದಲ್ಲಿ ಎದ್ದದ್ದು. ಆದರೆ ಅದನ್ನು ಕಟ್ಟಿದವರಿಗೆ ಈ ನೆಲ, ಈ ಮಳೆ ಎರಡೂ ಗೊತ್ತಿದ್ದವು. ವರ್ಷಕ್ಕೆ 3,500 ಮಿ.ಮೀ. ಮೀರಿ ಸುರಿಯುವ ಊರಿನಲ್ಲಿ ಅವರು ನೆಚ್ಚಿಕೊಂಡದ್ದು ಮುರಕಲ್ಲನ್ನು. ನೆಲದಿಂದ ಕಡಿಯುವಾಗ ಮೆದು, ಗಾಳಿಗೆ ಒಡ್ಡಿದಂತೆ ಗಟ್ಟಿಯಾಗುವ ಕಲ್ಲು ಅದು, ಮೈತುಂಬ ತೂತು. ಆ ತೂತುಗಳಿಗೆ ಮಳೆ ಇಳಿಯದಂತೆ ಚಿಪ್ಪಿನ ಸುಣ್ಣದ ಗಾರೆ ಹಚ್ಚಿ, ವರ್ಷ ವರ್ಷ ಸುಣ್ಣ ಬಳಿದರು. ಕಂಬಗಳಿಲ್ಲದ ಒಂದೇ ಉದ್ದನೆಯ ಅಂಕಣ, ದಪ್ಪ ಗೋಡೆ, ಆಳವಾದ ಕಿಟಕಿ, ಇಳಿಜಾರು ಮಾಡು. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಮುಳಿಹುಲ್ಲು ಹೋಗಿ ಹೆಂಚು ಬಂತು. ಪ್ರೊಟೆಸ್ಟಂಟರ ಹೆಂಚಿನಡಿಯಲ್ಲಿ ಕ್ಯಾಥೊಲಿಕರ ಪೂಜೆ ನಡೆಯಿತು. ಯಾರೂ ತಕರಾರು ತೆಗೆಯಲಿಲ್ಲ. ಒಳಗೆ ಬಲಿಪೀಠದ ಹಿಂದೆ ಮಾಡಿನೆತ್ತರಕ್ಕೆ ಮರದ ಕೆತ್ತನೆ, ಗೂಡುಗಳಲ್ಲಿ ಸಂತರು. ಗೋವಾದಲ್ಲಿ ಇಂಥ ಕೆಲಸವನ್ನು ಹಿಂದೂ ಕುಶಲಕರ್ಮಿಗಳಿಗೆ ಕೊಡಬಾರದೆಂದು 1567ರ ಪ್ರಾಂತೀಯ ಧರ್ಮಸಭೆ ನಿಷೇಧಿಸಿತ್ತು. ಉಳಿ ಹಿಡಿದ ಕೈಗಳು ಆ ನಿಷೇಧಕ್ಕೆ ಸೊಪ್ಪು ಹಾಕಲಿಲ್ಲ.

ಇಂಥ ಕಟ್ಟಡ ಸಾಯುವ ಬಗೆಯನ್ನು ಗಮನಿಸಬೇಕು. ಮಳೆಗಾಲಕ್ಕೆ ಮುನ್ನ ಹೆಂಚು ಕೈಯಾಡಿಸುವ ಖರ್ಚನ್ನು ಪಾಲನಾ ಮಂಡಳಿ ಒಂದು ವರ್ಷ ಮುಂದೂಡುತ್ತದೆ, ಮರುವರ್ಷ ಮರೆಯುತ್ತದೆ. ರೀಪು, ಪಕ್ಕಾಸು ಕೊಳೆಯುತ್ತವೆ. ಉದುರಿದ ಗಾರೆಯ ಜಾಗಕ್ಕೆ ಯಾರೋ ಸಿಮೆಂಟು ಮೆತ್ತುತ್ತಾರೆ, ಅದರ ಮೇಲೆ ಪ್ಲಾಸ್ಟಿಕ್ ಬಣ್ಣ. ಸುಣ್ಣದ ಗಾರೆ ಗೋಡೆಯ ಪಸೆಯನ್ನು ಹೊರಕ್ಕೆ ಬಿಡುತ್ತದೆ, ಸಿಮೆಂಟು ಬಿಡುವುದಿಲ್ಲ. ಅಡಿಪಾಯದಿಂದ ಏರಿದ ನೀರು ಒಳಗೇ ಸಿಕ್ಕಿಬಿದ್ದು ಮುರಕಲ್ಲು ಪುಡಿಯಾಗುತ್ತದೆ. ಹತ್ತಾರು ಮಳೆಗಾಲ ಕಳೆದ ಮೇಲೆ ಎಂಜಿನಿಯರ್ ಬಂದು ಗೋಡೆ ತಟ್ಟಿ ನೋಡಿ, ಟೊಳ್ಳಾಗಿದೆ, ಅಪಾಯ ಎನ್ನುತ್ತಾರೆ. ವಿಷ ಉಣಿಸಿದವರೇ ವೈದ್ಯರನ್ನು ಕರೆಸಿ ಮರಣಪತ್ರ ಬರೆಸಿಕೊಂಡ ಹಾಗೆ.

ಗಾರೆಯನ್ನೇ ಕಿತ್ತು ಹಾಕಿದರೆ ಏನಾಗುತ್ತದೆಂದು ತಿಳಿಯಲು ಹಳೆಗೋವಾದ ಬೊಮ್ ಜೀಸಸ್ ಬಸಿಲಿಕ ನೋಡಿದರೆ ಸಾಕು. ಚೆಂದ ಕಾಣಲೆಂದು 1950ರ ದಶಕದಲ್ಲಿ ಪೋರ್ಚುಗೀಸ್ ಆಡಳಿತ ಅದರ ಸುಣ್ಣದ ಹೊದಿಕೆ ತೆಗೆಸಿತು. ಅಂದಿನಿಂದ ಅದರ ಕೆಂಪು ಕಲ್ಲು ಮಳೆಗೆ ಸವೆಯುತ್ತಲೇ ಇದೆ. ಅದಕ್ಕಾದರೂ 1986ರಿಂದ ವಿಶ್ವ ಪರಂಪರೆಯ ಪಟ್ಟವಿದೆ, ಕೇಳುವವರಿದ್ದಾರೆ. ಹಳ್ಳಿಯ ಕಪೆಲ್‌ಗೆ ಯಾರಿದ್ದಾರೆ?

ಜನ ಹೆಚ್ಚಿದ್ದಾರೆ, ಜಾಗ ಸಾಲದು ಎಂಬುದು ಕೆಡವುವವರ ವಾದ. ಕೆಲವೆಡೆ ನಿಜವಿರಬಹುದು. ಆದರೆ ಯುವಕರೆಲ್ಲ ಮುಂಬೈ, ಬೆಂಗಳೂರು, ಕೊಲ್ಲಿ ದೇಶಗಳಿಗೆ ಹೋಗಿರುವ ಊರುಗಳಲ್ಲಿ ಈ ಮಾತಿಗೆ ಅರ್ಥವಿಲ್ಲ. ಅಲ್ಲಿ ಬೆಂಚುಗಳು ತುಂಬುವುದು ಮೊಂತಿ ಹಬ್ಬಕ್ಕೆ ಮತ್ತು ಕ್ರಿಸ್ಮಸ್‌ಗೆ. ಜಾಗ ಸಾಲದಿದ್ದರೆ ಪಕ್ಕದಲ್ಲಿ ಸಭಾಂಗಣ ಕಟ್ಟಲಿ. ಅಸಲು ಸಂಗತಿ ಬೇರೆ. ಹೆಂಚು ಕೈಯಾಡಿಸಿದ ದಾನಿಯ ಹೆಸರನ್ನು ಗ್ರಾನೈಟ್ ಫಲಕದಲ್ಲಿ ಕೆತ್ತಿಸುವ ರೂಢಿ ನಮ್ಮಲ್ಲಿಲ್ಲ.

ಧರ್ಮಗುರುಗಳಿಗೆ ನಿಯಮ ಗೊತ್ತಿಲ್ಲವೆಂದು ಹೇಳುವಂತೆಯೂ ಇಲ್ಲ. ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲಿ ಹೊರಡಿಸಿದ ಆರಾಧನಾ ದಸ್ತಾವೇಜಿನ 126ನೇ ಪರಿಚ್ಛೇದ, ಪೂಜಾ ಸಾಮಗ್ರಿ ಮತ್ತು ಬೆಲೆಬಾಳುವ ಕಲಾಕೃತಿಗಳು ಕೈತಪ್ಪದಂತೆ, ಚದುರದಂತೆ ನೋಡಿಕೊಳ್ಳುವ ಹೊಣೆಯನ್ನು ನೇರವಾಗಿ ಬಿಷಪರ ಮೇಲೆ ಹೊರಿಸಿದೆ. ಅದೇ ಮಹಾಸಭೆಯ ಹೆಸರು ಹೇಳಿ, ಗುರುಗಳು ಜನರಿಗೆ ಮುಖಮಾಡಿ ಪೂಜೆ ಮಾಡಬೇಕಲ್ಲ ಎಂಬ ನೆಪದಲ್ಲಿ, ಹಳೆಯ ಕೆತ್ತನೆಗಳನ್ನು ಕಳಚಿ ಹಿತ್ತಲಿಗೆ ಹಾಕಿದ್ದು ಮಹಾಸಭೆಗೇ ಬಗೆದ ದ್ರೋಹ. 1983ರ ಧರ್ಮಸಂಹಿತೆಯ 1216ನೇ ವಿಧಿ ಚರ್ಚು ಕಟ್ಟುವಾಗಲೂ ದುರಸ್ತಿ ಮಾಡುವಾಗಲೂ ತಜ್ಞರ ಸಲಹೆ ಪಡೆಯಬೇಕೆನ್ನುತ್ತದೆ. 1215ನೇ ವಿಧಿಯ ಪ್ರಕಾರ ಬಿಷಪರ ಲಿಖಿತ ಒಪ್ಪಿಗೆಯಿಲ್ಲದೆ ಹೊಸ ಚರ್ಚು ಏಳುವಂತಿಲ್ಲ. ಅಂದರೆ ಹಳೆಯದನ್ನು ಕೆಡವಿದ ಜಾಗದಲ್ಲಿ ಎದ್ದ ಪ್ರತಿ ಕಾಂಕ್ರೀಟ್ ಕಟ್ಟಡದ ಕಡತದಲ್ಲೂ ಒಂದು ಸಹಿ ಇರಲೇಬೇಕು. ತಜ್ಞರಿಲ್ಲ ಎನ್ನುವಂತಿಲ್ಲ. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್‌ನಲ್ಲಿ ಇಟಲಿಯ ಅಂತೋನಿಯೊ ಮೊಸ್ಕೇನಿ ಬಿಡಿಸಿದ ಚಿತ್ರಗಳನ್ನು 1990ರ ದಶಕದಲ್ಲಿ ಪರಂಪರೆ ಸಂರಕ್ಷಣಾ ಸಂಸ್ಥೆ ಇಂಟಾಕ್‌ನ ತಜ್ಞರು ಉಳಿಸಿಕೊಟ್ಟರು. ನಗರದ ಕಾಲೇಜಿಗೆ ಒದಗಿದ ವಿವೇಕ ಹಳ್ಳಿಗೆ ಇಳಿಯಲಿಲ್ಲ.

ಇನ್ನು ಸರಕಾರ. ಹಾಸನದ ಶೆಟ್ಟಿಹಳ್ಳಿಯಲ್ಲಿ ಫ್ರೆಂಚ್ ಮಿಷನರಿಗಳು 1860ರ ದಶಕದಲ್ಲಿ ಕಟ್ಟಿದ ಗಾಥಿಕ್ ಶೈಲಿಯ ರೋಸರಿ ಚರ್ಚು ಗೊರೂರಿನ ಹೇಮಾವತಿ ಜಲಾಶಯದ ಹಿನ್ನೀರಿಗೆ ಸಿಕ್ಕಿತು. ಊರು ಎದ್ದು ಹೋಯಿತು, ಕಮಾನುಗಳು ನಿಂತವು. ಛಾವಣಿಯಿಲ್ಲದ ಆ ಗೋಡೆಗಳು ಮಳೆಗಾಲಗಳಲ್ಲಿ ಮುಳುಗಿ ಬೇಸಿಗೆಗೆ ಹೊರಬರುತ್ತವೆ. ನಾಡಿನ ಮದುಮಕ್ಕಳು ಅಲ್ಲಿ ಫೋಟೊ ತೆಗೆಸಿಕೊಳ್ಳುತ್ತಾರೆ. ಅಣೆಕಟ್ಟು ಬೇಕಿತ್ತು, ಒಪ್ಪೋಣ. ಆದರೆ ಪ್ರವಾಸಿ ತಾಣವೆಂದು ಹೆಸರು ಗಳಿಸುವಷ್ಟು ದಿನ ಒಂದು ಕಟ್ಟಡವನ್ನು ನೀರಿಗೆ ಬಿಟ್ಟು ನೋಡುವುದು ಆಡಳಿತವಲ್ಲ. ರಾಜ್ಯದ ಪ್ರಾಚೀನ ಸ್ಮಾರಕಗಳ ಕಾಯ್ದೆ 1961ರಿಂದಲೂ ಇದೆ. ಹಳ್ಳಿಯ ಚರ್ಚು, ಮಸೀದಿ, ಊರ ದೇವಸ್ಥಾನಗಳತ್ತ ಅದು ಕಣ್ಣು ಹಾಯಿಸಿದ್ದು ಕಡಿಮೆ.

ಮಾಡಬೇಕಾದ್ದು ದೊಡ್ಡದೇನಲ್ಲ. ಪ್ರತಿ ಧರ್ಮಪ್ರಾಂತ್ಯ 75 ವರ್ಷ ದಾಟಿದ ತನ್ನ ಇಗರ್ಜಿ, ಕಪೆಲ್‌ಗಳ ಪಟ್ಟಿ ಮಾಡಿ, ಅಳತೆ ಮತ್ತು ಚಿತ್ರಗಳ ಸಮೇತ ಪ್ರಕಟಿಸಲಿ. ಆ ಪಟ್ಟಿ ಹೊರಬರುವವರೆಗೆ ಒಂದನ್ನೂ ಕೆಡವಲು ಒಪ್ಪಿಗೆ ಕೊಡದಿರಲಿ. ಗೋಡೆಯ ಸಿಮೆಂಟು ಕೆತ್ತಿಸಿ ಸುಣ್ಣಕ್ಕೆ ಮರಳಲು ದಾನಿಗಳಿಂದ ಹಣ ಕೇಳಲಿ. ಕೆಡವಲೇಬೇಕೆಂದರೆ ತಜ್ಞರ ವರದಿಯನ್ನು ಪೂಜೆಯ ನಂತರ ಊರವರೆದುರು ಓದಿಸಿ, ಒಪ್ಪಿಗೆ ಕೊಟ್ಟವರ ಹೆಸರು ಮತ್ತು ತಾರೀಕನ್ನು ಹೊಸ ಇಗರ್ಜಿಯ ಗ್ರಾನೈಟ್ ಫಲಕದಲ್ಲಿ ದಾನಿಗಳ ಹೆಸರಿಗಿಂತ ಮೇಲೆ ಕೆತ್ತಿಸಲಿ.