ಸಾಂತಾನನ್ನು ಗುಮ್ಮನನ್ನಾಗಿ ಮಾಡಬೇಡಿ

“ಊಟ ಮಾಡದಿದ್ದರೆ ಸಾಂತಾ ನಿನಗೆ ಏನೂ ತರುವುದಿಲ್ಲ.” “ತಮ್ಮನಿಗೆ ಹೊಡೆದದ್ದನ್ನು ಸಾಂತಾ ನೋಡಿದ್ದಾನೆ, ಗೊತ್ತಾ?” ಡಿಸೆಂಬರ್ ಶುರುವಾದರೆ ಮಂಗಳೂರಿನ ಮನೆಗಳಲ್ಲಿ, ಶಾಲೆಯ ಗೇಟಿನ ಬಳಿ, ಬಟ್ಟೆ ಅಂಗಡಿಗಳಲ್ಲಿ ಈ ಮಾತು ಕೇಳಿಬರುತ್ತದೆ. ಕ್ರೈಸ್ತರ ಮನೆಗಳಲ್ಲಿ ಮಾತ್ರವಲ್ಲ, ಶಾಲೆಯಿಂದ ಕೆಂಪು ಟೋಪಿ ಹಾಕಿಕೊಂಡು ಬಂದ ಯಾವ ಮಗುವಿನ ಮನೆಯಲ್ಲಾದರೂ ಕೇಳಬಹುದು. ಹೇಳುವವರು ನಗುತ್ತಲೇ ಹೇಳುತ್ತಾರೆ. ಕೇಳುವ ಮಗು ಮಾತ್ರ ನಗುವುದಿಲ್ಲ. ನನ್ನ ತಕರಾರು ಇರುವುದು ಇಲ್ಲೇ. ಉಡುಗೊರೆ ತರುವ ಅಜ್ಜನನ್ನು ನಾವು ಮಕ್ಕಳ ಮೇಲೆ ಕಣ್ಣಿಡುವ ಪೊಲೀಸನನ್ನಾಗಿ ಮಾಡಿದ್ದೇವೆ. ಉಡುಗೊರೆಯನ್ನು ಒಳ್ಳೆಯ ನಡತೆಯ ಸಂಬಳವನ್ನಾಗಿ ಮಾಡಿದ್ದೇವೆ.

ಸಾಂತಾ ಬೇಡ ಎಂದು ನಾನು ಹೇಳುತ್ತಿಲ್ಲ. ನಾಲ್ಕು ವರ್ಷದ ಮಗಳು, ಎರಡು ವರ್ಷದ ಮಗ ಇರುವ ನಮ್ಮ ಮನೆಗೂ ಅವನು ಬರುತ್ತಾನೆ, ಬರಲಿ. ಪುಟ್ಟ ಮಕ್ಕಳ ಜೊತೆ ಕ್ರಿಸ್‌ಮಸ್ ಮಾಡುವವರಿಗೆ ಕೆಲವು ಪಾಠಗಳು ಯಾರೂ ಕಲಿಸದೆಯೇ ಬರುತ್ತವೆ. ಕ್ರಿಸ್‌ಮಸ್ ಗಿಡದ ಅಲಂಕಾರವೆಲ್ಲ ದೊಡ್ಡವರ ಸೊಂಟದಿಂದ ಮೇಲಿರಬೇಕು. ಕುಸ್ವಾರ್ ಮಾಡಲು ಮಕ್ಕಳು ‘ಸಹಾಯ’ಕ್ಕೆ ಬಂದರೆ ಕೆಲಸ ಎರಡು ಪಟ್ಟು, ಹಿಟ್ಟು ಅರ್ಧ. ಫೋರ್ಕಿನ ಬೆನ್ನ ಮೇಲೆ ಹಿಟ್ಟಿನ ಉಂಡೆ ಒತ್ತಿ ಸುರುಳಿ ಮಾಡುವ ಕಿಡಿಯೊ ಎಂದರೆ ಕೊಂಕಣಿಯಲ್ಲಿ ಹುಳುಗಳು ಎಂದು ಅರ್ಥ. ಅದು ತಿಳಿದ ದಿನ ಮಗಳು ಮನೆಗೆ ಬಂದವರಿಗೆಲ್ಲ “ಹುಳ ತಿನ್ನಿ” ಎಂದು ತಟ್ಟೆ ಹಿಡಿದಳು. ದುಬಾರಿ ಆಟಿಕೆಗಿಂತ ಅದು ಬಂದ ರಟ್ಟಿನ ಡಬ್ಬಿಗೆ ಆಯಸ್ಸು ಜಾಸ್ತಿ. ಗೋದಲಿಯ ಗೊಂಬೆಗಳು ಇಟ್ಟಲ್ಲಿ ಇರುವುದಿಲ್ಲ: ಕತ್ತೆಗೆ ನಡೆದು ಸುಸ್ತಾಗಿದೆ ಎಂದು ನಮ್ಮ ಗೋದಲಿಯಲ್ಲಿ ಮರಿಯಮ್ಮನಿಗಾಗಿ ಒಂದು ಪ್ಲಾಸ್ಟಿಕ್ ಆಟೋ ಬಂದು ನಿಂತಿದೆ.

ಈ ಪಾಠಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ಒಂದು ಮಾತು ಸ್ಪಷ್ಟ. ಮಕ್ಕಳು ಹಬ್ಬಕ್ಕೆ ಲೆಕ್ಕದ ಪುಸ್ತಕ ಹಿಡಿದು ಬರುವುದಿಲ್ಲ. ಅದನ್ನು ತರುವವರು ನಾವು.

ಸಾಂತಾನ ಮೂಲಪುರುಷನ ಕೈಯಲ್ಲೂ ಆ ಪುಸ್ತಕ ಇರಲಿಲ್ಲ. ಇಂದಿನ ಟರ್ಕಿಯಲ್ಲಿದ್ದ ಮೈರಾ ಎಂಬ ಊರಿನ, 4ನೆಯ ಶತಮಾನದ ಬಿಷಪ್ ಸಂತ ನಿಕೊಲಾಸನ ಬಗ್ಗೆ ಹೆಚ್ಚು ಹೆಸರಾದ ಐತಿಹ್ಯ ಇದು: ಒಬ್ಬ ಬಡ ತಂದೆಗೆ ಮೂವರು ಹೆಣ್ಣುಮಕ್ಕಳು, ಮದುವೆ ಮಾಡಲು ಹಣವಿಲ್ಲ. ನಿಕೊಲಾಸ್ ರಾತ್ರಿಯ ಹೊತ್ತು, ಯಾರಿಗೂ ಕಾಣದಂತೆ, ಅವರ ಕಿಟಕಿಯಿಂದ ಚಿನ್ನದ ಗಂಟು ಎಸೆದು ಹೋದ. ಆ ಹುಡುಗಿಯರು ವರ್ಷವಿಡೀ ಹೇಳಿದ ಮಾತು ಕೇಳಿದ್ದರೇ ಎಂದು ಅವನು ವಿಚಾರಿಸಲಿಲ್ಲ. ಅವರಿಗೆ ಬೇಕಿತ್ತು, ಅವನು ಕೊಟ್ಟ. ಕತೆ ಅಷ್ಟೇ.

ಬೆತ್ತ ಆಮೇಲೆ ಬಂತು. ಆಸ್ಟ್ರಿಯಾ, ಬವೇರಿಯಾ ಕಡೆ ನಿಕೊಲಾಸನ ಜೊತೆಗೆ ಕೊಂಬಿನ ಕ್ರಾಂಪುಸ್ ಮಕ್ಕಳನ್ನು ಹೆದರಿಸಲು ಬರುತ್ತಿದ್ದ. 1821ರಲ್ಲಿ ನ್ಯೂಯಾರ್ಕಿನಲ್ಲಿ ಅಚ್ಚಾದ ಒಂದು ಮಕ್ಕಳ ಪುಸ್ತಿಕೆಯಲ್ಲಿ ಹಿಮಸಾರಂಗದ ಗಾಡಿಯೇರಿ ಬರುವ ಸಾಂತಾ ಒಳ್ಳೆಯ ಮಕ್ಕಳಿಗೆ ಉಡುಗೊರೆ ಕೊಡುತ್ತಾನೆ, ತುಂಟರ ಮನೆಯಲ್ಲಿ ತಂದೆತಾಯಿಯ ಉಪಯೋಗಕ್ಕೆ ಬೆತ್ತ ಬಿಟ್ಟುಹೋಗುತ್ತಾನೆ. 1934ರ ಒಂದು ಅಮೆರಿಕನ್ ಹಾಡು ಒಳ್ಳೆಯವರ, ಕೆಟ್ಟವರ ಪಟ್ಟಿಯನ್ನು ಮನೆಮನೆಗೆ ತಲುಪಿಸಿತು. 2005ರಲ್ಲಿ ‘ದಿ ಎಲ್ಫ್ ಆನ್ ದಿ ಶೆಲ್ಫ್’ ಎಂಬ ಪುಸ್ತಕದ ಜೊತೆ ಗೊಂಬೆಯೂ ಮಾರಾಟಕ್ಕೆ ಬಂತು: ಅದು ಹಗಲೆಲ್ಲ ಕಪಾಟಿನ ಮೇಲೆ ಕೂತು ಮಗುವನ್ನು ನೋಡುತ್ತದೆ, ರಾತ್ರಿ ಸಾಂತಾನಿಗೆ ವರದಿ ಒಪ್ಪಿಸುತ್ತದೆ. ಮಲಗುವ ಕೋಣೆಯಲ್ಲೊಂದು ಸಿಸಿಟಿವಿ, ಅದಕ್ಕೊಂದು ಮುದ್ದಾದ ಟೋಪಿ!

1951ರ ಡಿಸೆಂಬರ್ 23ರಂದು ಫ್ರಾನ್ಸಿನ ದಿಜೋನ್ ನಗರದಲ್ಲಿ ಕೆಥೆಡ್ರಲ್ ಮುಂದೆ ನೂರಾರು ಮಕ್ಕಳ ಎದುರಿಗೇ ಸಾಂತಾನ ಪ್ರತಿಕೃತಿಯನ್ನು ಸುಟ್ಟರು. ಕ್ರಿಸ್ತನ ಹಬ್ಬವನ್ನು ಅವನು ಕಬಳಿಸಿದ್ದಾನೆ ಎಂಬುದು ಅಲ್ಲಿನ ಪಾದ್ರಿಗಳ ಆರೋಪ. ಮಾನವಶಾಸ್ತ್ರಜ್ಞ ಕ್ಲಾದ್ ಲೆವಿ-ಸ್ತ್ರಾಸ್ ಮರುವರ್ಷ ಈ ಘಟನೆಯ ಬಗ್ಗೆ ಪ್ರಬಂಧ ಬರೆದರು. ಸಾಂತಾನ ನಂಬಿಕೆ ಎರಡು ತಲೆಮಾರುಗಳ ನಡುವಿನ ವ್ಯವಹಾರವೂ ಹೌದು, ಮಕ್ಕಳನ್ನು ಹತೋಟಿಯಲ್ಲಿಡಲು ದೊಡ್ಡವರಿಗೆ ಅದು ಒದಗಿಬರುತ್ತದೆ ಎಂದು ಅವರು ಗುರುತಿಸಿದ್ದರು. ಸುಡಬೇಕಾದ್ದು ಸಾಂತಾನನ್ನಲ್ಲ. ಅವನ ಕೈಗೆ ನಾವು ತುರುಕಿದ ಆ ಪಟ್ಟಿಯನ್ನು.

ಏಕೆಂದರೆ ಪಟ್ಟಿಯ ತರ್ಕವನ್ನು ಮಗು ನಮಗಿಂತ ಪ್ರಾಮಾಣಿಕವಾಗಿ ಪಾಲಿಸುತ್ತದೆ. ಒಂದೇ ತರಗತಿಯಲ್ಲಿ ಒಬ್ಬನಿಗೆ ರಿಮೋಟ್ ಕಾರು ಬಂದಿದೆ, ಇನ್ನೊಬ್ಬನಿಗೆ ಕ್ರೇಯಾನ್ ಡಬ್ಬಿ, ಮತ್ತೊಬ್ಬಳ ಮನೆಗೆ ಸಾಂತಾ ಬಂದೇ ಇಲ್ಲ. ಇದು ಅಪ್ಪಂದಿರ ಸಂಬಳದ ವ್ಯತ್ಯಾಸ ಎಂದು ನಮಗೆ ಗೊತ್ತು. ಒಳ್ಳೆಯ ಮಕ್ಕಳಿಗೆ ಮಾತ್ರ ಸಾಂತಾ ಕೊಡುತ್ತಾನೆ ಎಂದು ಕೇಳಿ ಬೆಳೆದ ಮಗುವಿಗೆ ಗೊತ್ತಾಗುವುದು ಬೇರೆ: ಕಾರು ಸಿಕ್ಕವನು ಒಳ್ಳೆಯವನು, ಏನೂ ಸಿಗದ ನಾನು ಕೆಟ್ಟವಳು. ಬಡತನವೆಂದರೆ ಮಾಡಿದ ತಪ್ಪಿಗೆ ಸಿಕ್ಕ ಶಿಕ್ಷೆ ಎಂಬ ಕ್ರೂರವಾದ ಸುಳ್ಳನ್ನು ಐದು ವರ್ಷದ ಮಗುವಿಗೆ ಕಲಿಸಲು ಇದಕ್ಕಿಂತ ಸುಲಭದ ದಾರಿ ಇಲ್ಲ.

“ಹಾಗಾದರೆ ಮಕ್ಕಳು ಮಾತು ಕೇಳುವುದು ಹೇಗೆ?” ಎಂಬ ಪ್ರಶ್ನೆ ಬರುತ್ತದೆ, ನ್ಯಾಯವಾಗಿಯೇ ಬರುತ್ತದೆ. ಸಂಜೆ ಏಳಕ್ಕೆ ಒಬ್ಬಳು ಅನ್ನದ ತಟ್ಟೆ ದೂಡಿ, ಇನ್ನೊಬ್ಬ ಲ್ಯಾಪ್‌ಟಾಪ್ ಮೇಲೆ ಹತ್ತಿ ಕೂತು, ಪಿಎಚ್‌ಡಿ ಅಧ್ಯಾಯ ನಾಳೆ ಕಳಿಸಲೇಬೇಕಾಗಿದ್ದಾಗ ಉತ್ತರ ಧ್ರುವದಿಂದ ಸಹಾಯ ಸಿಕ್ಕರೆ ಯಾರಿಗೆ ಬೇಡ? ಕನ್ನಡದ ತಾಯಂದಿರಿಗೆ ಇಂಥ ಸಹಾಯಕ ಮೊದಲೇ ಇದ್ದ: ಗುಮ್ಮ. ಪುರಂದರದಾಸರ ಬಾಲಕೃಷ್ಣ ಕೂಡ ಗುಮ್ಮನ ಹೆಸರಿಗೆ ಅಂಜಿ ಅಮ್ಮನನ್ನು ಗೋಗರೆಯುತ್ತಾನೆ. ಆದರೆ ಗುಮ್ಮ ಒಂದು ಮಟ್ಟಿಗೆ ಪ್ರಾಮಾಣಿಕ. ಅವನು ಹೆದರಿಸುತ್ತಾನೆ, ಹೋಗುತ್ತಾನೆ. ಪ್ರೀತಿಯ ವೇಷ ಹಾಕುವುದಿಲ್ಲ. ಸಾಂತಾನನ್ನು ಗುಮ್ಮ ಮಾಡಿದಾಗ ಮಗು ಕಲಿಯುವುದು ಇದನ್ನು: ಕೊಡುವ ಕೈ ಯಾವಾಗ ಬೇಕಾದರೂ ಹಿಂದಕ್ಕೆ ಸರಿಯಬಹುದು. ಅಲ್ಲದೆ ಈ ಬೆದರಿಕೆ ಡಿಸೆಂಬರ್ 25ರ ಬೆಳಿಗ್ಗೆಯೇ ಮುಗಿಯುತ್ತದೆ. 26ಕ್ಕೆ ಅನ್ನದ ತಟ್ಟೆಯ ಮುಂದೆ ಮತ್ತೆ ಮಗು ಮತ್ತು ನಾವು ಮಾತ್ರ. ಅಂದು ಆಡಬೇಕಾದ ತಾಳ್ಮೆಯ ಮಾತನ್ನು 5ನೆಯ ತಾರೀಕಿಗೇ ಆಡಿದರೆ ನಷ್ಟವೇನು?

ಲೆಕ್ಕವಿಲ್ಲದೆ ಕೊಡುವುದು ನಮಗೆ ತಿಳಿಯದ ಸಂಗತಿಯೂ ಅಲ್ಲ. ಹಬ್ಬದ ದಿನಗಳಲ್ಲಿ ಕುಸ್ವಾರಿನ ತಟ್ಟೆಗಳು ಬೀದಿಯ ಮನೆಗಳಿಗೆಲ್ಲ ಹೋಗುತ್ತವೆ. ಮಾವಿನ ಎಲೆ ಕಾಂಪೌಂಡಿನೊಳಗೆ ಬೀಳುತ್ತದೆಂದು ವರ್ಷವಿಡೀ ಜಗಳ ಕಾಯುವ ಮನೆಗೂ ನೆವ್ರಿ, ಗುಳಿಯೊ, ಕಿಡಿಯೊ ಹೋಗುತ್ತವೆ. ಆ ಮನೆಯವರ ನಡತೆಗೆ ನಾವು ಅಂಕ ಹಾಕುವುದಿಲ್ಲ. ಪಕ್ಕದ ಮನೆಯ ದೊಡ್ಡವರಿಗೆ ತೋರುವ ಈ ಮರ್ಯಾದೆ ನಮ್ಮ ಮಕ್ಕಳಿಗೆ ಏಕಿಲ್ಲ?

ಕೊನೆಯದಾಗಿ ಗೋದಲಿಯನ್ನೇ ನೋಡಿ. ಪೂರ್ವದ ಜ್ಞಾನಿಗಳು ಚಿನ್ನ, ಧೂಪ, ರಕ್ತಬೋಳ ತಂದು ಒಂದು ಕೂಸಿನ ಮುಂದೆ ಇಟ್ಟರು. ಆ ಕೂಸು ಅಷ್ಟರಲ್ಲಿ ಯಾವ ಒಳ್ಳೆಯ ಕೆಲಸವನ್ನೂ ಮಾಡಿರಲಿಲ್ಲ. ಹುಟ್ಟಿತ್ತು, ಪ್ರಾಯಶಃ ಅತ್ತು ತಾಯಿಯ ನಿದ್ದೆ ಕೆಡಿಸಿತ್ತು. ಅಷ್ಟು ಸಾಕಿತ್ತು. ನಮ್ಮ ಮಕ್ಕಳಿಗೂ ಅಷ್ಟೇ ಸಾಕು.